ಮಷೀನಿನ ಅಡಿಯ ನೆಲ

ಹೋದ ಜುಲೈಯ ಒಂದು ಬೆಳಿಗ್ಗೆ ನಮ್ಮ ವಾಷಿಂಗ್ ಮಷೀನು ಹಿಂಡುವ ಹೊತ್ತಿಗೆ ಕುಣಿಯಲು ಶುರು ಮಾಡಿತು. ಬಗ್ಗಿ ನೋಡಿದರೆ ಅದರ ಒಂದು ಕಾಲಿನ ಅಡಿಯ ಟೈಲ್ಸ್ ಒಡೆದಿತ್ತು. ಉಡುಪಿಯ ಮಳೆಗಾಲ ಗೊತ್ತಲ್ಲ, ಒಂದು ದಿನ ಮಷೀನು ನಿಂತರೂ ಮನೆಯೆಲ್ಲ ಮುಗ್ಗುಲು ವಾಸನೆ.

ಮೇಸ್ತ್ರಿ ಬಂದವರೇ ಸುತ್ತಿಗೆಯ ಹಿಡಿಯಿಂದ ನೆಲ ತಟ್ಟುತ್ತಾ ಹೋದರು. ಕೆಲವು ಕಡೆ ಗಟ್ಟಿ ಶಬ್ದ, ಕೆಲವು ಕಡೆ ಖಾಲಿ ಕೊಡಪಾನ ತಟ್ಟಿದ ಹಾಗೆ. ಒಡೆದದ್ದನ್ನು ಎಬ್ಬಿಸಿದರು. ನಾಲ್ಕು ಮೂಲೆಗೆ ನಾಲ್ಕು, ನಡುವಿಗೆ ಒಂದು, ಹೀಗೆ ಐದು ಉಂಡೆ ಸಿಮೆಂಟು. ಉಳಿದದ್ದೆಲ್ಲ ಟೊಳ್ಳು. ಆ ಟೊಳ್ಳಿನಲ್ಲಿ ಸೋಪಿನ ನೀರು ನಿಂತು ಕಪ್ಪಾಗಿ ನಾರುತ್ತಿತ್ತು.

"ಟೈಲ್ಸಿನ ತಪ್ಪಲ್ಲ ಮಾರಾಯ್ರೆ, ಹಾಕಿದ್ದೇ ಹೀಗೆ" ಎಂದರು.

ಆರು ವರ್ಷದ ಹಿಂದೆ ಬಣ್ಣ ಆರಿಸಲು ನಾನು ಎರಡು ದಿನ ಕಳೆದಿದ್ದೆ. ಹಾಕುವಾಗ ಮಾತ್ರ ಆ ಕಡೆ ಇಣುಕಿಯೂ ನೋಡಿರಲಿಲ್ಲ.

ಅಮ್ಮನಿಗೆ ಚಾವಡಿಯ ಹಾಗೆ ಕೆಂಪು ಸಿಮೆಂಟಿನ ನೆಲವೇ ಬೇಕು. ಅಜ್ಜನ ಕಾಲದ್ದು, ಇನ್ನೂ ಮುಖ ಕಾಣುವ ಹಾಗೆ ಉಂಟು. ಆದರೆ ಹಾಗೆ ಉಜ್ಜಿ ನುಣುಪು ಮಾಡುವವರು ಈಗ ಎಲ್ಲಿ? ಸೋಪಿನ ನೀರು ಬಿದ್ದರೆ ಜಾರುವುದೂ ಜಾಸ್ತಿ. ಮಗಳು ಮರದ ಹಾಗೆ ಕಾಣುವ ಲ್ಯಾಮಿನೇಟ್ ತೋರಿಸಿದಳು. ಅದರ ಒಳಗಿರುವುದು ಒತ್ತಿದ ಮರದ ಪುಡಿ. ನೀರು ಇಳಿದರೆ ಉಬ್ಬುತ್ತದೆ.

ಅಂಗಡಿಗೆ ಈ ಸಲ ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಅವರು ಬಣ್ಣದ ಸುದ್ದಿಗೇ ಹೋಗಲಿಲ್ಲ. ಎರಡು ಟೈಲ್ಸ್ ಮಗುಚಿ ಹಾಕಿ, ಬಾಟಲಿಯ ಮುಚ್ಚಳದಲ್ಲಿ ಒಂದೊಂದರ ಬೆನ್ನಿಗೆ ನೀರು ಹೊಯ್ದರು. ಗೋಡೆಗೆ ಹಾಕುವ ಸೆರಾಮಿಕ್ ನೋಡುತ್ತಿದ್ದಂತೆ ಕುಡಿದು ಮುಗಿಸಿತು. ಹೆಚ್ಚು ಕಾವಿನಲ್ಲಿ ಸುಟ್ಟು ಗಾಜಿನ ಹಾಗೆ ಗಟ್ಟಿಯಾದ ವಿಟ್ರಿಫೈಡ್ ಮೇಲೆ ಹೊಯ್ದದ್ದು ಹಾಗೇ ನಿಂತಿತ್ತು. ಅದು ಹೀರುವುದು ತನ್ನ ತೂಕದ ಶೇಕಡ 0.5ಕ್ಕಿಂತಲೂ ಕಡಿಮೆಯಂತೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಂದಿನಿಂದ ನಾವು ಸುಟ್ಟ ಮಣ್ಣಿನ ಕೆಳಗೇ ಬಾಳಿದವರು, ನಿಜ. ಆದರೆ ಹಂಚು ಕುಡಿದ ನೀರನ್ನು ಬಿಸಿಲಿಗೆ ಬಿಡುತ್ತದೆ. ಮಷೀನಿನ ಅಡಿಗೆ ಬಿಸಿಲೆಲ್ಲಿ?

ಕೊನೆಗೆ ತಂದದ್ದು ಒಂದಡಿ ಚೌಕದ, ತರಿತರಿ ಮೈಯ ವಿಟ್ರಿಫೈಡ್. ದೊಡ್ಡ ಟೈಲ್ಸಿಗೆ ಸ್ಲೋಪ್ ಕೊಡುವುದು ಕಷ್ಟ. ಇನ್ನೊಂದು ತಾಪತ್ರಯ ಉಂಟು: ನೀರಿಗೆ ಇಳಿಜಾರು ಬೇಕು, ಮಷೀನಿಗೆ ಮಟ್ಟ ಬೇಕು. ಮೇಸ್ತ್ರಿ ಮಷೀನಿನ ಮೂಲೆಯನ್ನು ಸ್ವಲ್ಪ ಎತ್ತರಿಸಿ ಮಟ್ಟ ಮಾಡಿದರು. ಉಳಿದ ಕಡೆ ಒಂದಡಿ ಉದ್ದಕ್ಕೆ ಕಾಲು ಇಂಚು ಇಳಿಸಿದರು. ಸಂದಿಗೆ ನೀರು ಇಳಿಯದ ಇಪಾಕ್ಸಿ ಅಂಟು. ದುಬಾರಿ, ಆದರೂ ಚೌಕಾಸಿ ಮಾಡಲಿಲ್ಲ.

ನಾನು ಕುರ್ಚಿ ಹಾಕಿಕೊಂಡು ಬಾಗಿಲಲ್ಲೇ ಕೂತೆ. ಆಗಷ್ಟೇ ಕೂರಿಸಿದ ಒಂದನ್ನು ಎಬ್ಬಿಸಿ ತೋರಿಸಿ ಎಂದೆ. "ನಂಬಿಕೆ ಇಲ್ವಾ?" ಎಂದು ಗೊಣಗುತ್ತಲೇ ಎತ್ತಿದರು. ಮೂಲೆಯಿಂದ ಮೂಲೆಗೆ ಟೈಲ್ಸ್ ಅಂಟಿಸುವ ಗಮ್ ಹಿಡಿದಿತ್ತು.

ಕೆಲಸ ಮುಗಿದು ನಾಲ್ಕು ದಿನಕ್ಕೆ ಅಮ್ಮ ಒಂದು ಬಾಲ್ದಿ ನೀರು ಹೊಯ್ದು ನೋಡಿದರು. ಪೂರಾ ಹರಿದು ಹೋಯಿತು. "ಅಡ್ಡಿಲ್ಲ" ಎಂದರು. ಅಪ್ಪನ ಬೈರಾಸು ಮಾತ್ರ ಈಗಲೂ ಹೊರಗಿನ ಒಗೆಯುವ ಕಲ್ಲಿಗೇ.