ಬಿಸಿಯಾಗುತ್ತಿದ್ದುದು ಮುಂದೆ, ಕಟ್ಟಿಕೊಂಡಿದ್ದು ಹಿಂದೆ

ಏರು ಸಿಕ್ಕರೆ ಸಾಕು, ನನ್ನ ಹಳೇ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಕಡೆ ಹೊರಡುತ್ತಿತ್ತು. ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ನಿಂತರೂ ಏನೂ ಆಗುತ್ತಿರಲಿಲ್ಲ. ಗಾಡಿ ಬಿಸಿಯಾದರೆ ಯಾರಾದರೂ ಮೊದಲು ನೋಡುವುದು ರೇಡಿಯೇಟರನ್ನೇ ಅಲ್ವಾ? ನಾನೂ ಅದನ್ನೇ ಬಿಚ್ಚಿ ತೊಳೆಸಿದೆ. 82 ಡಿಗ್ರಿಗೆ ತೆರೆದು ಇಂಜಿನ್ನಿನ ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಹೊಸ ಥರ್ಮೋಸ್ಟಾಟ್ ಹಾಕಿಸಿದೆ. ವಾಟರ್ ಪಂಪ್, ಮುಚ್ಚಳ, ಬೆಲ್ಟು, ಹೋಸು ಒಂದೂ ಬಿಡಲಿಲ್ಲ. ಉಳಿದದ್ದು ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಒಂದೇ.

ಪಿಕಪ್ಪೂ ಬಿದ್ದುಹೋಗಿತ್ತು. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಎರಡನೇ ಗೇರು ಬೇಕು. ವಯಸ್ಸಾಯ್ತು ಬಿಡು ಅಂದುಕೊಂಡಿದ್ದೆ. ಎರಡೂ ಒಂದೇ ಕಾಯಿಲೆ ಅಂತ ಹೊಳೆಯಲೇ ಇಲ್ಲ.

ಹೆಡ್ ಬಿಚ್ಚಿಸಲು ಹೋದ ದಿನ ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟಲಿಲ್ಲ. ನನ್ನ ಕಥೆ ಪೂರ್ತಿ ಕೇಳಿ, ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ದೂರದಿಂದ ಅಂಗೈ ಒಡ್ಡಿದರು.

"ರೇಸ್ ಮಾಡಿ ಸಾರ್."

ಮಾಡಿದೆ.

"ದಮ್ಮೇ ಇಲ್ವಲ್ಲ ಇದಕ್ಕೆ."

ಆಮೇಲೆ ಇಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿದರು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಮುಟ್ಟದೆ ಓಡುವಾಗ, 18 ಇಂಚು (ಪಾದರಸದ ಲೆಕ್ಕದಲ್ಲಿ), ಒಳ್ಳೆಯದೇ. 2500 ಆರ್‌ಪಿಎಂನಲ್ಲಿ ಹಿಡಿದಾಗ ಮಾತ್ರ ಮುಳ್ಳು ಒಂದು ಕಡೆ ನಿಲ್ಲಲಿಲ್ಲ. 16, 14, 11... ಸುಮ್ನೆ ಇಳಿಯುತ್ತಲೇ ಹೋಯಿತು. ಹೊಗೆಗೆ ಹೊರಗೆ ದಾರಿ ಸಾಲದೆ ಹಿಂದಕ್ಕೆ ಒತ್ತುತ್ತಿದೆ ಅಂತ ಅದರರ್ಥ.

ಆರಿದ ಮೇಲೆ ಸೈಲೆನ್ಸರನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಒಳಗೆ ಗಲಗಲ. ಕೊಯ್ದು ನೋಡಿದರೆ ಒಳಗಿನ ತಗಡು ತುಕ್ಕು ಹಿಡಿದು ಕಿತ್ತು, ಹೊರಗಿನ ಕೊಳವೆಯ ಬಾಯಿಗೆ ಅಡ್ಡ ಬಿದ್ದಿತ್ತು. ಬೆರಳು ತೂರುವಷ್ಟು ಸಂದಿ ಉಳಿದಿತ್ತು, ಅಷ್ಟೇ. ಹೊರಮೈ ಮಾತ್ರ ಹೊಸದರ ಹಾಗೆ. ಬಣ್ಣ ಬಳಿದವನು ನಾನೇ!

ಹಿಂದಿನ ಕೊಳವೆ ಕಟ್ಟಿದರೆ ಮುಂದಿನ ಇಂಜಿನ್ ಯಾಕೆ ಬಿಸಿಯಾಗಬೇಕು? ಪೆಟ್ರೋಲ್ ಉರಿದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯ ಜೊತೆಗೇ ಹೊರಟುಹೋಗಬೇಕು. ಹೋಗದಿದ್ದರೆ ಆ ಬಿಸಿ ಹೊಗೆ ಹೆಡ್‌ನ ಎಕ್ಸಾಸ್ಟ್ ದಾರಿಯಲ್ಲೇ ತಡೆದು ನಿಲ್ಲುತ್ತದೆ. ಆ ದಾರಿಯ ಸುತ್ತ ಹರಿಯುವುದು ಇಂಜಿನ್ ತಣ್ಣಗಿಡುವ ನೀರು, ಅಂದರೆ ಕೂಲೆಂಟೇ; ಬಿಸಿಯೆಲ್ಲ ಅದಕ್ಕೇ ಇಳಿಯುತ್ತದೆ. ಸಾಲದ್ದಕ್ಕೆ ಸಿಲಿಂಡರಿನಲ್ಲಿ ಹಳೇ ಹೊಗೆ ಉಳಿದು ಹೊಸ ಗಾಳಿಗೆ ಜಾಗ ಕಮ್ಮಿ. ಹೊಗೆ ತಳ್ಳುವುದರಲ್ಲೇ ಪಿಸ್ಟನ್ನಿನ ಬಲ ಹೋಗುತ್ತದೆ. ಗಾಡಿ ಎಳೆಯುತ್ತಿಲ್ಲ ಅಂತ ನಾನು ಇನ್ನೂ ಜಾಸ್ತಿ ಆಕ್ಸಿಲರೇಟರ್ ತುಳಿದೆ. ಇನ್ನಷ್ಟು ಪೆಟ್ರೋಲ್, ಇನ್ನಷ್ಟು ಶಾಖ. ಐಡಲ್‌ನಲ್ಲಿ ಹೊಗೆಯೇ ಕಮ್ಮಿ, ಆ ಸಣ್ಣ ಸಂದಿಯೇ ಸಾಕಾಗುತ್ತಿತ್ತು. ಫ್ಯಾನ್ ಕೆಟ್ಟಿದ್ದರೆ ಸಿಗ್ನಲ್‌ನಲ್ಲಿ ನಿಂತಾಗಲೇ ಬಿಸಿಯಾಗುತ್ತಿತ್ತು. ಆ ಸುಳಿವು ದಿನಾ ಕಣ್ಣೆದುರೇ ಇತ್ತು.

ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರುಗಳಲ್ಲಿ ಅದರೊಳಗಿನ ಜೇನುಗೂಡು ಕರಗಿ ಮುಚ್ಚಿಕೊಂಡರೂ ಇದೇ ಪಾಡಂತೆ. ನನ್ನದರಲ್ಲಿ ಅದಿರಲಿಲ್ಲ.

ಹೊಸ ಸೈಲೆನ್ಸರ್ ಹಾಕಿಸಿ ಅದೇ ಏರು ಹತ್ತಿದೆ. ಮೂರನೇ ಗೇರು. ಮುಳ್ಳು ನಡುವಿನಿಂದ ಕದಲಲಿಲ್ಲ. ಮನೆಗೆ ಬಂದವನೇ ಡಿಕ್ಕಿಯಲ್ಲಿದ್ದ ಹಳೇ ಥರ್ಮೋಸ್ಟಾಟನ್ನು ಬಿಸಿನೀರಿನ ಪಾತ್ರೆಗೆ ಹಾಕಿ ನೋಡಿದೆ. ಸರಿಯಾಗೇ ತೆರೆಯಿತು.