ಲಗ್ಗೆರೆಯ ತಾರಸಿಯಲ್ಲಿ ನಾಟಕ ಓದಿದ್ದು

ಗಾರ್ಮೆಂಟ್ಸ್ ಹೆಂಗಸರಿಗೆ ಬಿಡುವು ಸಿಗುವುದು ಭಾನುವಾರ ಮಾತ್ರ. ಅದೂ ಬಟ್ಟೆ ಒಗೆದು, ವಾರಕ್ಕಾಗುವಷ್ಟು ಸಂತೆ ಮಾಡಿದ ಮೇಲೆ. ಹಾಗಾಗಿ ನನ್ನ ನಾಟಕದ ಮೊದಲ ಓದಿಗೆ ಬೆಂಗಳೂರಿನ ಲಗ್ಗೆರೆಯ ನಮ್ಮ ವಠಾರದ ತಾರಸಿಯಲ್ಲಿ ಊಟ ಮುಗಿಸಿ ಸೇರಿದೆವು. ಅಮ್ಮ, ಫ್ಯಾಕ್ಟರಿಯಲ್ಲಿ ಅವಳ ಹೊಲಿಗೆ ಲೈನಿನಲ್ಲಿ ದುಡಿದವರು, ಒಂದಿಬ್ಬರು ಸೊಸೆಯಂದಿರು.

ನಾಟಕದ ಕಥೆ 2016ರ ಏಪ್ರಿಲ್‌ನದು. ಪಿಎಫ್, ಅಂದರೆ ಭವಿಷ್ಯ ನಿಧಿಯಲ್ಲಿ ಮಾಲೀಕರು ಹಾಕುವ ಪಾಲಿನ ದುಡ್ಡನ್ನು 58 ವರ್ಷ ತುಂಬುವ ತನಕ ಮುಟ್ಟುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಹೊಲಿಗೆ ಮಷೀನ್ ಮುಂದೆ ಅಷ್ಟು ವಯಸ್ಸಿನವರೆಗೆ ಯಾರು ಕೂರ್ತಾರೆ? ಸೊಂಟ ಅದಕ್ಕೆ ಎಷ್ಟೋ ಮೊದಲೇ ಕೈಕೊಡುತ್ತದೆ. ಮಗಳ ಮದುವೆಗೋ ಸ್ಕೂಲ್ ಫೀಸಿಗೋ ಒದಗುವ ದುಡ್ಡು ಅದೊಂದೇ. 18ನೇ ತಾರೀಕು ಸಾವಿರಾರು ಹೆಂಗಸರು ಫ್ಯಾಕ್ಟರಿ ಬಿಟ್ಟು ರಸ್ತೆಗಿಳಿದರು. ಮರುದಿನ ಪೀಣ್ಯ, ತುಮಕೂರು ರಸ್ತೆ ಕಡೆಯೂ ಹಾಗೇ ಆಯಿತು. ಪೊಲೀಸರು ಲಾಠಿ ಬೀಸಿದರು, ಬಸ್ಸು ಸುಟ್ಟವು. 19ರಂದೇ ಸರ್ಕಾರ ನಿಯಮ ವಾಪಸ್ ಪಡೆಯಿತು.

ಅಮ್ಮನ ಸ್ವಗತ ಓದತೊಡಗಿದೆ. ಅರ್ಧಕ್ಕೇ ಪಕ್ಕದ ಮನೆ ಅಕ್ಕ ತಡೆದರು. "ಇವಳು ಇಷ್ಟುದ್ದ ಮಾತಾಡ್ತಿದ್ರೆ ಪೀಸ್ ಗುಡ್ಡೆ ಬೀಳಲ್ವಾ? ಸೂಪರ್‌ವೈಸರ್ ಎಲ್ಲಿ ಹೋದ?" ಎಲ್ಲರೂ ನಕ್ಕರು. ಅಕ್ಕ ಚಕ್ಕಂಬಕ್ಕಲ ಹಾಕಿಕೊಂಡೇ ಮಾಡಿ ತೋರಿಸಿದರು. ಎಡಗೈಯಲ್ಲಿ ಕಾಲರ್ ಎಳೆದುಕೊಳ್ಳೋದು, ಸೂಜಿ ಕೆಳಗೆ ತಿರುಗಿಸೋದು, ದಾರ ಕತ್ತರಿಸಿ ಮುಂದಕ್ಕೆ ತಳ್ಳೋದು. ಕಣ್ಣು ಸೂಜಿ ಮೇಲೆ, ಮಾತು ಪಕ್ಕದವಳಿಗೆ. ಒಂದು ಪೀಸಿಗೆ ಒಂದು ಮಾತು, ಅಷ್ಟೇ. ನನ್ನ ಸ್ವಗತ ಅಲ್ಲೇ ತುಂಡುತುಂಡಾಗಿ ಇಡೀ ಲೈನಿಗೆ ಹಂಚಿಹೋಯಿತು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮೆರವಣಿಗೆಯ ದೃಶ್ಯ ಬಂದಾಗ ಅಮ್ಮ ಬಾಯಿಬಿಟ್ಟಳು. "ನಾನೆಲ್ಲಿ ಘೋಷಣೆ ಕೂಗಿದೆ? ಚಪ್ಪಲಿ ಹುಡುಕ್ತಿದ್ದೆ ಕಣೋ. ಹೊಸದು ಅದು."

ಚಪ್ಪಲಿ ನಾಟಕಕ್ಕೆ ಸೇರಿತು. ಜೊತೆಗೆ ಪೇ ಸ್ಲಿಪ್ಪೂ ಇರುತ್ತೆ, ಒಬ್ಬಳು ಅದನ್ನು ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತಾಳೆ. ಅಮ್ಮನ ಕಷ್ಟ ಒಂದನ್ನೇ ಹೇಳಿದರೆ ಜನ ಕಣ್ಣೊರೆಸಿಕೊಂಡು ಮನೆಗೆ ಹೋಗ್ತಾರೆ. ಯಾರ ದುಡ್ಡು, ಎಷ್ಟು, ಯಾರು ಹಿಡಿದಿಟ್ಟರು ಅನ್ನೋ ಲೆಕ್ಕ ರಂಗದ ಮೇಲೆ ಬರಲೇಬೇಕು ಅಂತ ನನ್ನ ಹಠ.

ಎಲ್ಲಿ ಆಡೋದು ಅನ್ನೋ ಮಾತೂ ಬಂತು. ಜೆ.ಪಿ. ನಗರದ ರಂಗಮಂದಿರ ರಂಗಶಂಕರದಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡಲ್ಲ. ಆ ಶಿಸ್ತು ನನಗೆ ಇಷ್ಟವೇ. ಆದರೆ ಶಿಫ್ಟ್ ಮುಗಿಸಿ, ಅಡುಗೆ ಮಾಡಿಟ್ಟು ಲಗ್ಗೆರೆಯಿಂದ ಅಲ್ಲಿಗೆ ತಲುಪೋದು ಆಗದ ಮಾತು. 1975ರಲ್ಲಿ ಹುಟ್ಟಿದ 'ಸಮುದಾಯ' ರಂಗತಂಡದವರು ನಾಟಕವನ್ನು ಬೀದಿಗೆ ತಂದ ಊರು ಇದು. ನಾವೂ ಬೀದಿಯಲ್ಲೇ, ಭಾನುವಾರ ಸಂಜೆ ಆಡೋಣ ಅಂತಾಯಿತು.

ಸೂಪರ್‌ವೈಸರ್ ಪಾತ್ರಕ್ಕೆ ಮಾತ್ರ ಗಂಡಸು ಸಿಗಲಿಲ್ಲ. "ನಂಗೆ ಕೊಡು, ಅವನ ಬೈಗುಳ ಎಲ್ಲ ಬಾಯಿಪಾಠ" ಅಂದಳು ಅಮ್ಮ. ಕೊಟ್ಟಿದ್ದೇನೆ. ಒಂದೆರಡು ಬೈಗುಳ ಬೀದಿಯಲ್ಲಿ ಹೇಳುವ ಹಾಗಿಲ್ಲ, ಅದಕ್ಕೆ ಇನ್ನೂ ಜಗಳ ನಡೆದಿದೆ.