ಪೈಪ್ ಬಿಟ್ಟು ಮಗ್ ಹಿಡಿದ ಮೇಲೆ

ನಾನು ಬರೀ ಪೈಪ್‌ನಿಂದ ಹನ್ನೊಂದು ಟೊಮ್ಯಾಟೊ ಸಸಿ ಕೊಂದಿದ್ದೇನೆ. ಕೆಲವು ವರ್ಷದ ಹಿಂದಿನ ಮಾತು. ಮಾರ್ಚ್ ತಿಂಗಳು, ಭಾನುವಾರ, ಮಧ್ಯಾಹ್ನ ಒಂದು ಗಂಟೆ. ಊಟಕ್ಕೆ ಮುಂಚೆ ಸುಮ್ನೆ ತಾರಸಿಗೆ ಹೋಗಿ ನೋಡಿದರೆ ಸಸಿಗಳೆಲ್ಲ ತಲೆ ಬಗ್ಗಿಸಿಕೊಂಡು ನಿಂತಿದ್ದವು. ಪಾಪ ಅನ್ನಿಸಿತು. ಬಿಸಿಲಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿದ್ದ ಪೈಪ್ ಎತ್ತಿಕೊಂಡು, ನಲ್ಲಿ ತಿರುಗಿಸಿ, ಒಂದು ಕಡೆಯಿಂದ ಹುಯ್ದುಕೊಂಡು ಬಂದೆ. ಕೈ ಮೇಲೆ ನಾಲ್ಕು ಹನಿ ಸಿಡಿದಾಗಲೇ ಗೊತ್ತಾಗಿದ್ದು, ಸ್ನಾನಕ್ಕೆ ಕಾಯಿಸಿದ ನೀರೇ ಇದಕ್ಕಿಂತ ವಾಸಿ ಅಂತ. ಅಷ್ಟರಲ್ಲಿ ಎಲ್ಲಾ ಮುಗಿದಿತ್ತು. ಮರುದಿನ ಕಾಂಡ ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿ ಸಸಿಗಳು ಒಂದೊಂದಾಗಿ ಮಲಗಿದವು. ಅಮ್ಮ ಬಂದು ನೋಡಿ, "ಬೇಯಿಸಿದ್ದು ಬೇಯಿಸಿದೆ, ಒಂದು ಒಗ್ಗರಣೆನೂ ಹಾಕಿಬಿಡು" ಅಂದರು.

ನಿಜ ಹೇಳಬೇಕೆಂದರೆ ಆ ಸಸಿಗಳಿಗೆ ಅವತ್ತು ನೀರೇ ಬೇಕಿರಲಿಲ್ಲ. ಸುಡುಬಿಸಿಲಲ್ಲಿ ಎಲೆ ಜೋಲು ಬಿಡುವುದು ಮಾಮೂಲು. ಬೇರು ಎಳೆದುಕೊಡುವುದಕ್ಕಿಂತ ಬೇಗ ಎಲೆಯಿಂದ ನೀರು ಹಾರಿಹೋಗುತ್ತಿರುತ್ತೆ, ಅಷ್ಟೇ. ಸಂಜೆ ಐದೂವರೆಗೆ ಹೋಗಿ ನೋಡಿ, ತಾವಾಗಿಯೇ ಎದ್ದು ನಿಂತಿರುತ್ತವೆ. ಬೆಳಿಗ್ಗೆ ಆರೂವರೆಗೂ ಜೋಲು ಬಿದ್ದಿದ್ದರೆ ಮಾತ್ರ ಗಾಬರಿಯಾಗಬೇಕು. ಅನುಮಾನ ಇದ್ದರೆ ಮಣ್ಣಿಗೆ ಬೆರಳು ಚುಚ್ಚಿ, ಎರಡನೇ ಗೆಣ್ಣಿನ ತನಕ. ತಂಪಿದ್ದರೆ ಸುಮ್ಮನೆ ಕೆಳಗಿಳಿದು ಬಂದು ಊಟ ಮಾಡಿ.

ನಮ್ಮದು ಬೆಂಗಳೂರಿನ ಹಳೇ ಬಡಾವಣೆಯಲ್ಲಿ 30×40 ಅಡಿ ಸೈಟಿನ ಮನೆ. ಹಿಂದುಗಡೆ ಒಂದು ಚೂರು ಮಣ್ಣಿನ ಜಾಗದಲ್ಲಿ ಕರಿಬೇವು, ದಾಸವಾಳ, ಒಂದು ಬಾಳೆ. ಉಳಿದದ್ದೆಲ್ಲ ತಾರಸಿ ಮೇಲೆ, ಪಾಟು, ಪೇಂಟ್ ಡಬ್ಬ, ಒಡೆದ ಬಕೆಟ್ಟು ಎಲ್ಲ ಸೇರಿ 40ರ ಹತ್ತಿರ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ ಅನ್ನುತ್ತಾರಲ್ಲ, ಈಗೀಗ ಅದು ಅಷ್ಟು ದಿನ ಕಾಯುವುದೂ ಇಲ್ಲ, ಸಂಕ್ರಾಂತಿಯ ಎಳ್ಳು ಬೆಲ್ಲ ಡಬ್ಬಿಯಲ್ಲಿ ಮುಗಿಯುವ ಮೊದಲೇ ಗಂಟು ಕಟ್ಟಿರುತ್ತೆ. ಹಾಗಾಗಿ ಫೆಬ್ರವರಿ ಕೊನೆಯಿಂದಲೇ ನನ್ನ ಬೇಸಿಗೆ ಕೆಲಸ ಶುರು.

ಮೊದಲೆಲ್ಲ ಕೆಲಸ ಅಂದರೆ ಪೈಪ್ ಹಿಡಿಯುವುದು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಕಾರು ತೊಳೆಯಬಾರದು, ತಪ್ಪಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದರಲ್ಲ, ಅವತ್ತು ಪೈಪ್ ಸುತ್ತಿ ಅಟ್ಟಕ್ಕೆ ಹಾಕಿದವನು ಇನ್ನೂ ಇಳಿಸಿಲ್ಲ. ಈಗ ಅಡುಗೆಮನೆ ಸಿಂಕಿನ ಪಕ್ಕ ಒಂದು ಬಕೆಟ್ ಇದೆ. ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಸೊಪ್ಪು ಜಾಲಿಸಿದ್ದು, ಕಡಲೆಕಾಳು ನೆನೆಸಿದ್ದು ಎಲ್ಲಾ ಅದಕ್ಕೆ. ಉಪ್ಪು ಹಾಕಿ ಬೇಯಿಸಿದ ನೀರು, ಪಾತ್ರೆ ಸೋಪಿನ ನೀರು ಬೇಡ. ದಿನಕ್ಕೆ ಒಂದೂವರೆ ಬಕೆಟ್ ಸುಲಭವಾಗಿ ಸಿಗುತ್ತೆ. ಅವತ್ತಿನದು ಅವತ್ತೇ ಖಾಲಿ ಮಾಡಬೇಕು. ಅಕ್ಕಿ ನೀರು ಒಂದು ರಾತ್ರಿ ಕಳೆದರೆ ಎಂಥಾ ವಾಸನೆ ಬರುತ್ತೆ ಅಂತ ನನ್ನ ಹೆಂಡತಿಯನ್ನು ಕೇಳಿ.

ಮಗ್‌ನಲ್ಲಿ ಹಾಕುವುದು ಕಷ್ಟ. ಎರಡು ಮಹಡಿ ಹತ್ತಬೇಕು, ಬಗ್ಗಬೇಕು, ಏಳಬೇಕು. ಆದರೆ ಒಂದೊಂದು ಪಾಟಿನ ಮುಂದೆಯೂ ನಿಲ್ಲಲೇಬೇಕಲ್ವಾ, ಆಗ ಏನೇನೋ ಕಣ್ಣಿಗೆ ಬೀಳುತ್ತೆ. ಪೈಪ್ ಹಿಡಿದಿದ್ದಾಗ ಕಾಲು ಗಂಟೆಯಲ್ಲಿ ಮುಗಿಸಿ ಬರುತ್ತಿದ್ದೆ, ಒಂದು ಗಿಡದ ಮುಖವನ್ನೂ ನೋಡುತ್ತಿರಲಿಲ್ಲ.

ಹಾಗೆ ಕಂಡದ್ದರಲ್ಲಿ ಒಂದು. ಒಂದು ಪುದೀನ ಪಾಟಿಗೆ ದಿನಾ ನೀರು ಹಾಕುತ್ತಿದ್ದೆ, ಹಾಕಿದ ತಕ್ಷಣ ಕೆಳಗಿನ ತೂತಿನಿಂದ ಬುಳು ಬುಳು ಹರಿದು ಬರುತ್ತಿತ್ತು, ಸರಿಯಾಗಿ ಕುಡಿದಿದೆ ಅಂದುಕೊಳ್ಳುತ್ತಿದ್ದೆ, ಆದರೂ ಗಿಡ ಸೊರಗುತ್ತಲೇ ಇತ್ತು. ಬಗ್ಗಿ ನೋಡಿದರೆ ಮಣ್ಣು ಒಣಗಿ ಕುಗ್ಗಿ, ಪಾಟಿನ ಗೋಡೆಯಿಂದ ಒಂದು ಬೆರಳು ದೂರ ಸರಿದಿತ್ತು. ನೀರೆಲ್ಲ ಆ ಸಂದಿಯಲ್ಲೇ ಇಳಿದು ಹೋಗುತ್ತಿತ್ತು, ನಡುವೆ ಬೇರಿನ ಹತ್ತಿರ ಮಣ್ಣು ಪುಡಿಪುಡಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ ಪಾಟುಗಳಲ್ಲಿ ಈ ಕಾಟ ಹೆಚ್ಚು, ಒಂದು ಸಲ ಪೂರ್ತಿ ಒಣಗಿದರೆ ಮತ್ತೆ ನೀರು ಕುಡಿಯಲು ಹಠ ಮಾಡುತ್ತೆ. ಇದಕ್ಕೆ ಮೇಲಿನಿಂದ ಎಷ್ಟು ಹುಯ್ದರೂ ಪ್ರಯೋಜನ ಇಲ್ಲ. ಪಾಟನ್ನೇ ಎತ್ತಿ ನೀರು ತುಂಬಿದ ಬಕೆಟ್‌ನಲ್ಲಿ ಇಡಬೇಕು. ಗುಳ್ಳೆ ಬರುತ್ತಲೇ ಇರುತ್ತೆ, ಅದು ನಿಂತ ಮೇಲೆ ಎತ್ತಿ ಬಸಿಯಲು ಬಿಟ್ಟರೆ ಆಯಿತು. ಎರಡನೇ ದಿನಕ್ಕೆ ನನ್ನ ಪುದೀನ ಚಿಗುರಿತ್ತು.

ಇನ್ನೊಂದು, ಆರ್‌ಓ ಫಿಲ್ಟರಿನ ವೇಸ್ಟ್ ನೀರು. ಫಿಲ್ಟರ್ ಹಾಕಲು ಬಂದವನು "ಗಿಡಕ್ಕೆ ಬಿಡಿ ಸಾರ್, ಏನೂ ಆಗಲ್ಲ" ಅಂದಿದ್ದ. ಬಿಟ್ಟೆ. ನಮ್ಮದು ಬೋರ್‌ವೆಲ್ ನೀರು, ಮೊದಲೇ ಗಡಸು. ಅದರಲ್ಲಿನ ಉಪ್ಪೆಲ್ಲ ಒಟ್ಟಾಗಿ ಬರುವುದು ಆ ವೇಸ್ಟ್ ನೀರಿನಲ್ಲಿ. ಒಂದು ತಿಂಗಳಾದ ಮೇಲೆ ಮಣ್ಣಿನ ಮೇಲೆ ಬೆಳ್ಳಗೆ ಪುಡಿ ಕಟ್ಟಿತು, ಗುಲಾಬಿ ಎಲೆಗಳ ತುದಿ ಸುಟ್ಟ ಹಾಗಾಯಿತು. ಈಗ ಆ ನೀರು ನೆಲ ಒರೆಸಲು, ಬಾತ್‌ರೂಮಿಗೆ. ಹಿಂದಿನ ಬಾಳೆಗೆ ಆಗೊಮ್ಮೆ ಈಗೊಮ್ಮೆ ಹಾಕುತ್ತೇನೆ, ನೆಲದಲ್ಲಿರುವ ಗಿಡ ತಡೆದುಕೊಳ್ಳುತ್ತೆ. ಪಾಟಿಗೆ ಮಾತ್ರ ಇಲ್ಲ.

ಸರಿ, ನೀರಿನ ಕಥೆ ಸಾಕು. ಹಾಕಿದ ನೀರು ನಿಲ್ಲಬೇಕಲ್ಲ, ಅದಕ್ಕೆ ತರಗೆಲೆ. ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸಿ, ಕಣ್ಣುಮುಚ್ಚಿ ಬಿಡುವುದರೊಳಗೆ ಎಣ್ಣೆ ಸವರಿದ ಹಾಗೆ ಮಿರಮಿರ ಮಿನುಗುವ ಹೊಸ ಚಿಗುರು ಬಿಡುತ್ತವೆ. ಆ ಉದುರಿದ ಎಲೆ ಚಿನ್ನ. ಬೆಳಿಗ್ಗೆ ಬೀದಿ ಗುಡಿಸುವ ಅಮ್ಮನನ್ನು ಮೊದಲ ವರ್ಷ ಸಂಕೋಚದಿಂದ ಕೇಳಿದ್ದೆ. "ಅಯ್ಯೋ ತಗೊಳ್ಳಿ ಸಾರ್, ನಂಗೂ ಮೂಟೆ ಹೊರೋದು ತಪ್ಪುತ್ತೆ" ಅಂದರು. ಈಗ ಅವರೇ ಪ್ಲಾಸ್ಟಿಕ್ ಆರಿಸಿ ತೆಗೆದು, ಚೀಲ ಕಟ್ಟಿ ಗೇಟಿನ ಹತ್ತಿರ ಇಟ್ಟು ಹೋಗುತ್ತಾರೆ. ನಾವು ಕಾಫಿ ಕೊಡುತ್ತೇವೆ. ಎರಡು ಮೂರು ಇಂಚು ದಪ್ಪಕ್ಕೆ ಹೊದಿಸಿದರೆ ಎರಡು ಹೊತ್ತು ನೀರು ಕೇಳುವ ಪಾಟು ಒಂದು ಹೊತ್ತಿಗೆ ಇಳಿಯುತ್ತೆ. ಕಾಂಡಕ್ಕೆ ತಾಗದ ಹಾಗೆ ಸುತ್ತ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತೆ, ಇರುವೆ ಸಂಸಾರ ಹೂಡುತ್ತೆ. ನೆಲದ ಗಿಡಕ್ಕಾದರೆ ತೆಂಗಿನ ಮಟ್ಟೆಯ ಒಳಮುಖ ಕೆಳಗೆ ಮಾಡಿ ಜೋಡಿಸಿ. ಬಾಳೆಯ ಒಣಗಿದ ಪಟ್ಟೆಯೂ ಆಗುತ್ತೆ.

ನೆರಳಿಗೆ ಅಂಗಡಿಯಿಂದ ಹಸಿರು ಶೇಡ್ ನೆಟ್ ತಂದಿದ್ದೆ, 50 ಪರ್ಸೆಂಟ್‌ದು, ಅಂದರೆ ಅರ್ಧ ಬಿಸಿಲು ತಡೆಯುವಂಥದು. ಕಟ್ಟಲು ಕಂಬ, ಕೊಕ್ಕೆ ಅಂತ ನಾನು ಲೆಕ್ಕ ಹಾಕುತ್ತಾ ಕೂತಿದ್ದಾಗ ಅಮ್ಮ ಬಟ್ಟೆ ಒಣಹಾಕುವ ತಂತಿಗೆ ತಮ್ಮ ಹಳೇ ಇಳಕಲ್ ಸೀರೆ ಕ್ಲಿಪ್ ಹಾಕಿ ಎಳೆದು ಕಟ್ಟಿ ಇಳಿದು ಬಂದರು. ಹತ್ತಿ ಸೀರೆ, ಒಗೆದೂ ಒಗೆದೂ ತೆಳ್ಳಗಾಗಿದೆ. ಕೆಳಗೆ ನೆರಳು ಹದವಾಗಿ ಬೀಳುತ್ತೆ. ಗಾಳಿಯೂ ಆಡುತ್ತೆ. ನೆಟ್ ಇನ್ನೂ ಕವರಿನಲ್ಲೇ ಇದೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು, ಅದೂ ನೆರಳಿನಲ್ಲಿ ಅಳೆದ ಲೆಕ್ಕ. ತಾರಸಿಯ ಸಿಮೆಂಟು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತೆ, ಬರಿಗಾಲಲ್ಲಿ ನಿಂತು ನೋಡಿದರೆ ಗೊತ್ತಾಗುತ್ತೆ. ಹಾಗಾಗಿ ಪಾಟುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟಿದ್ದೇನೆ. ಪಾಟುಗಳನ್ನು ಒತ್ತೊತ್ತಾಗಿ ಗುಂಪು ಮಾಡಿದರೆ ಒಂದಕ್ಕೊಂದು ನೆರಳು ಕೊಡುತ್ತವೆ, ಇದಕ್ಕೆ ಕಾಸೂ ಖರ್ಚಿಲ್ಲ.

ಮಲ್ಲಿಗೆಗೆ ಮಾತ್ರ ನೆರಳು ಕೊಡಬೇಡಿ. ಅದು ಬಿಸಿಲಿನ ಗಿಡ. ನಮ್ಮ ಮನೆಯಲ್ಲಿ ಮಲ್ಲಿಗೆ ಅಮ್ಮನ ಇಲಾಖೆ, ನನಗೆ ಪ್ರವೇಶ ಇಲ್ಲ. ಚಳಿ ಮುಗಿಯುವ ಹೊತ್ತಿಗೆ ಕೊಂಬೆ ತುದಿ ಕತ್ತರಿಸಿ, ನಾಲ್ಕು ದಿನ ನೀರು ಕಮ್ಮಿ ಮಾಡಿ, ಎಲೆಗಳನ್ನೆಲ್ಲ ಕೈಯಲ್ಲೇ ಚಿವುಟಿ ಗಿಡವನ್ನು ಬೋಳು ಮಾಡಿಬಿಡುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಸಂಕಟವಾಗಿ, "ಅಮ್ಮ, ಸತ್ತುಹೋಗುತ್ತೆ ಅದು" ಅಂದಿದ್ದೆ. "ನೀನು ಟೊಮ್ಯಾಟೊ ನೋಡ್ಕೋ ಹೋಗಪ್ಪ" ಅಂದರು. ಆಮೇಲೆ ಒಂದು ಹಿಡಿ ಕೊಟ್ಟಿಗೆ ಗೊಬ್ಬರ, ಹೊಂಗೆ ಹಿಂಡಿ, ಮೇಲೆ ನೀರು. ಪ್ರತಿ ಗಂಟಿನಿಂದಲೂ ಚಿಗುರು ಬಂತು, ಚಿಗುರಿನ ತುದಿಗೆಲ್ಲ ಮೂರು ಮೂರು ಮೊಗ್ಗು. ಈಗ ಸಂಜೆ ನಾಲ್ಕೂವರೆಗೆ ಮೊಗ್ಗು ಬಿಡಿಸಿ, ಬಾಳೆ ನಾರನ್ನು ನೆನೆಸಿಟ್ಟುಕೊಂಡು ಕಟ್ಟಲು ಕೂರುತ್ತಾರೆ. ಒಂದು ಮಾರು ಆದರೆ ಪಕ್ಕದ ಮನೆಗೂ ಹೋಗುತ್ತೆ.

ದಾಸವಾಳ ನನ್ನ ಪಾಲಿನ ಶಿಕ್ಷೆ. ಬಿಸಿಲು ಏರಿದ ಹಾಗೆ ಚಿಗುರಿನ ಸಂದಿಯಲ್ಲಿ ಹತ್ತಿ ಮೆತ್ತಿದ ಹಾಗೆ ಬೆಳ್ಳಗೆ ಹಿಟ್ಟು ತಿಗಣೆ ಕೂರುತ್ತೆ. ಕಾಂಡದ ಮೇಲೆ ಇರುವೆ ಸಾಲುಗಟ್ಟಿ ಓಡಾಡುತ್ತಿದ್ದರೆ ಮೇಲೆ ತಿಗಣೆ ಇದೆ ಅಂತಲೇ ಲೆಕ್ಕ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತೆ. ತುಂಬಾ ಹತ್ತಿದ ತುದಿಗಳನ್ನು ಮುಲಾಜಿಲ್ಲದೆ ಕತ್ತರಿಸಿ ಚೀಲಕ್ಕೆ ಕಟ್ಟಿ ಎಸೆಯುತ್ತೇನೆ. ಉಳಿದದ್ದಕ್ಕೆ ಹಳೇ ಟೂತ್‌ಬ್ರಷ್, ಸೋಪಿನ ನೀರು. ಆಮೇಲೆ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು, ಎಲೆ ಅಡಿಗೂ ಬೀಳುವ ಹಾಗೆ ಸ್ಪ್ರೇ, ವಾರಕ್ಕೊಮ್ಮೆ. ಹೊತ್ತು ಇಳಿದ ಮೇಲೇ ಹೊಡೆಯಿರಿ. ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಟ್ಟುಕೊಳ್ಳುತ್ತೆ. ಅದೂ ಅನುಭವದ ಮಾತೇ, ಬಿಡಿ.

ಬಿತ್ತನೆ ಅಂದರೆ ಈಗ ಬೆಂಡೆ, ಸೌತೆ, ಹೀರೆ, ದಂಟು. ಬೆಂಡೆ ಬೀಜ ರಾತ್ರಿ ನೆನೆಸಿ ಬೆಳಿಗ್ಗೆ ಊರಿ. ಒಂದೂವರೆ ತಿಂಗಳಿಗೆ ಮೊದಲ ಕಾಯಿ. ದಂಟಿನ ಸೊಪ್ಪು ತಿಂಗಳಿಗೇ ಸಾರಿಗೆ ಬರುತ್ತೆ. ಕೊತ್ತಂಬರಿ ಹಾಕಿ ಬೇಜಾರು ಮಾಡಿಕೊಳ್ಳಬೇಡಿ, ಈ ಸೆಕೆಗೆ ನಾಲ್ಕು ಎಲೆ ಬಿಟ್ಟು ಹೂವಿಗೆ ಹೋಗುತ್ತೆ. ಪಾಟ್ ಬದಲಿಸುವುದು, ಗಿಡ ಕಿತ್ತು ನೆಡುವುದು, ಜಾಸ್ತಿ ಗೊಬ್ಬರ ಸುರಿಯುವುದು ಎಲ್ಲಾ ಮಳೆಗಾಲಕ್ಕೆ ಇರಲಿ. ಕರಿಬೇವಿಗೆ ಮಾತ್ರ ಹುಳಿ ಬಂದ ಮಜ್ಜಿಗೆಯನ್ನು ನೀರು ಮಾಡಿ ಹಾಕುತ್ತೇವೆ, ಅಮ್ಮನ ಅಮ್ಮನ ಕಾಲದಿಂದ ಬಂದ ಪದ್ಧತಿ.

ಹಕ್ಕಿಗಳಿಗೆ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರು ಇಡಿ, ಒಳಗೆ ನಾಲ್ಕು ಕಲ್ಲು ಹಾಕಿ, ಜೇನುನೊಣ ಕೂತು ಕುಡಿಯುತ್ತೆ. ದಿನಾ ಚೆಲ್ಲಿ ತಿಕ್ಕಿ ತುಂಬಬೇಕು. ಒಂದು ವಾರ ಬಿಟ್ಟರೆ ಸೊಳ್ಳೆ ಮರಿ ಸಾಕಿದ ಹಾಗೆ, ಡೆಂಗಿ ಬೇರೆ. ಪಾಟಿನ ಅಡಿ ತಟ್ಟೆಗಳನ್ನೂ ನೋಡಿಕೊಳ್ಳಿ. ನಮ್ಮಲ್ಲಿಗೆ ಒಂದು ಜೋಡಿ ಪಿಕಳಾರ ಬರುತ್ತೆ. ಕುಡಿಯುವುದಕ್ಕಿಂತ ಸ್ನಾನವೇ ಜಾಸ್ತಿ, ಮೊದಲು ಒಂದು ಇಳಿದು ರೆಕ್ಕೆ ಬಡಿದು ನೀರೆಲ್ಲ ಚೆಲ್ಲಾಡುತ್ತೆ, ಇನ್ನೊಂದು ಸೀರೆ ಕಟ್ಟಿದ ತಂತಿ ಮೇಲೆ ಕೂತು ಸರದಿ ಕಾಯುತ್ತೆ.

ನಿನ್ನೆ ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿದು ಗಾಳಿ ಎದ್ದಿತು. ಅಶ್ವಿನಿ ಮಳೆಗೆ ಇನ್ನೂ ದಿನ ಇದೆ, ಆದರೂ ಆಸೆ. ಬಕೆಟ್‌ನಲ್ಲಿ ಅಕ್ಕಿ ನೀರು ಹಿಡಿದು ಮೆಟ್ಟಿಲ ಮೇಲೆ ನಿಂತು ಹಾಕಲೋ ಬೇಡವೋ ಅಂತ ಯೋಚಿಸುತ್ತಿದ್ದೆ. ದಪ್ಪ ದಪ್ಪ ಹನಿ ಹತ್ತೋ ಹನ್ನೆರಡೋ ಬಿದ್ದವು. ಸಿಮೆಂಟಿನ ಮೇಲೆ ಬಿದ್ದದ್ದು ಅಲ್ಲೇ ಆರಿಹೋಯಿತು. ಕೆಳಗಿನಿಂದ ಅಮ್ಮ, "ಸೀರೆ ಹಾರಿಹೋಗುತ್ತೆ, ಮೊದಲು ಅದನ್ನ ತೆಗಿಯೋ" ಅಂತ ಕೂಗಿದರು. ತೆಗೆದು ಮಡಚುವಷ್ಟರಲ್ಲಿ ಮೋಡ ಆಚೆ ಬಡಾವಣೆ ಕಡೆ ಹೊರಟುಹೋಗಿತ್ತು. ಮತ್ತೆ ಸೀರೆ ಕಟ್ಟಿ, ಮಗ್ ಎತ್ತಿಕೊಂಡೆ.